ಬೋರೇಗೌಡ, ಸೀಮೆಹಸು ಮತ್ತು ನನ್ನ ಅಂಗೈ

ಮೊನ್ನೆ ಒಂದು ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ, ಪಾಲಹಳ್ಳಿಯ ಹದಿನೈದಿಪ್ಪತ್ತು ಜನರ ಸಮಕ್ಷಮದಲ್ಲಿ, ಒಂದು ಸೀಮೆಹಸು ನನ್ನನ್ನು ಕೊಟ್ಟಿಗೆ ಬಾಗಿಲಿನಿಂದ ತಿಪ್ಪೆಗುಂಡಿಯವರೆಗೆ ಎಳೆದುಕೊಂಡು ಹೋಯಿತು.

ಹಗ್ಗ ಬಿಡಬಹುದಿತ್ತಲ್ಲ ಅಂತ ಆಮೇಲೆ ಎಲ್ಲರೂ ಕೇಳಿದರು. ಮನೆಯಲ್ಲಿ ಹೆಂಡತಿ ಎರಡು ಸಲ ಕೇಳಿದಳು. ಉತ್ತರ ಇದೆ, ಹೇಳುತ್ತೇನೆ. ಸ್ವಲ್ಪ ತಾಳಿ.

(ಹೋದ ವಾರ ಈ ಅಂಕಣ ಯಾಕೆ ಬರಲಿಲ್ಲ ಅಂತ ಕಾಗದ ಬರೆದು ವಿಚಾರಿಸಿದ ನಾಲ್ಕು ಜನ ಓದುಗರಿಗೆ ವಂದನೆ. ಕಾರಣ ಈ ಹಸುವಿನಿಂದಲೇ ಶುರುವಾಗುತ್ತದೆ. ವಿಚಾರಿಸದೇ ಇದ್ದ ಉಳಿದವರನ್ನು ನಾನೂ ವಿಚಾರಿಸುವುದಿಲ್ಲ.)

ನಮ್ಮದು ಮರಗೆಲಸದ ಮನೆತನ. ಅಪ್ಪ ಉಳಿ ಹಿಡಿದರು, ನಾನು ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ಸೀಮೆಸುಣ್ಣ ಹಿಡಿದೆ. ಹಸುವಿಗೂ ನಮಗೂ ಇರುವ ಸಂಬಂಧ ಬೆಳಗಿನ ಕಾಫಿಯಷ್ಟೇ. ಹಾಗಿದ್ದರೂ ಹಸು ಹಿಡಿಯಲು ಯಾಕೆ ಹೋದೆ? ನಾನೇ ಬರೆದ ಒಂದು ಸಾಲಿನ ದೆಸೆಯಿಂದ.

ತಿಂಗಳ ಹಿಂದೆ ಕೆ.ಆರ್. ಪೇಟೆಯಲ್ಲಿ ನಡೆದ ಕಬಡ್ಡಿ ಫೈನಲ್ ಬಗ್ಗೆ ಇದೇ ಜಾಗದಲ್ಲಿ ಬರೆದಿದ್ದೆ. ಪಾಲಹಳ್ಳಿಯ ಬೋರೇಗೌಡ ಅವತ್ತು ಆಡಿದ್ದ. ಈ ಬೋರೇಗೌಡನಿಗೆ ಬೆಂಗಳೂರಿನ ಒಂದು ಕಾರ್ಖಾನೆಯವರು ಸಂಬಳ ಕೊಡುವುದೇ ಕಬಡ್ಡಿ ಆಡಲಿಕ್ಕೆ. ಮೆಷಿನ್ನಿನ ಹತ್ತಿರ ಅವನನ್ನು ಬಿಡುವುದಿಲ್ಲ, ಬೆರಳಿಗೆ ಏಟಾದೀತು ಅಂತ. ಅವನು ರೈಡರು. ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಅನ್ನುತ್ತಾ ಎದುರಿನವರ ಕೋಟೆಗೆ ಒಬ್ಬನೇ ನುಗ್ಗಬೇಕು, ಅಲ್ಲಿರುವ ಏಳು ಜನರಲ್ಲಿ ಒಬ್ಬರನ್ನೋ ಇಬ್ಬರನ್ನೋ ಮುಟ್ಟಬೇಕು, ಉಳಿದವರ ಕೈಗೆ ಸಿಗದೆ ನಡುಗೆರೆಗೆ ವಾಪಸ್ ಬರಬೇಕು. ನನಗೆ ಇಂಥ ನೌಕರಿ ಕೊಟ್ಟಿದ್ದರೆ ಮೊದಲ ದಿನವೇ ಮೆಡಿಕಲ್ ಸರ್ಟಿಫಿಕೇಟು ಕೊಟ್ಟು ಮನೆಯಲ್ಲಿ ಮಲಗುತ್ತಿದ್ದೆ.

ಆ ಫೈನಲಿನಲ್ಲಿ ಅವನು ಸಿಕ್ಕಿಬಿದ್ದ. ನಾನು ಬರೆದೆ: "ಬೋರೇಗೌಡನನ್ನು ಮೂರು ಸಲ ಹಿಡಿದರು. ಸೀಮೆಹಸುವನ್ನು ಗೂಟಕ್ಕೆ ಕಟ್ಟುವಷ್ಟು ಸಲೀಸಾಗಿ ಹಿಡಿದರು."

ಬರೆಯುವಾಗ ನನಗೇ ನಗು ಬಂತು. ಪೇಪರಿನವರಿಗೂ ಬಂದಿರಬೇಕು, ಆ ಸಾಲನ್ನೇ ಎತ್ತಿ ಮೇಲೆ ದಪ್ಪಕ್ಷರದಲ್ಲಿ ಹಾಕಿದರು. ನಮ್ಮ ಕಡೆ ಜನ ಬೇರೇನೂ ಓದದಿದ್ದರೂ ದಪ್ಪಕ್ಷರ ಓದುತ್ತಾರೆ.

ಅದರ ಮುಂದಿನ ವಾರ ನಾಗಮಂಗಲದಲ್ಲಿ ಆಟ. ಬೋರೇಗೌಡ ಗೆರೆ ದಾಟಿ ಒಳಗೆ ಹೋಗುತ್ತಿದ್ದ ಹಾಗೇ ಹಿಂದಿನಿಂದ ಯಾರೋ "ಅಂಬಾ" ಅಂದರಂತೆ. ಇನ್ನೊಬ್ಬರು ದನಿಗೂಡಿಸಿದರಂತೆ. ಆಮೇಲೆ ಅರ್ಧ ಮೈದಾನವೇ ಅಂಬಾ. ಅವನ ಉಸಿರು ತಪ್ಪಿತು. ಕಬಡ್ಡಿಯಲ್ಲಿ ಉಸಿರು ತಪ್ಪಿದರೆ ಔಟು. ಅವತ್ತು ಅವನನ್ನು ಯಾರೂ ಹಿಡಿಯುವ ಕಷ್ಟವನ್ನೇ ತೆಗೆದುಕೊಳ್ಳಲಿಲ್ಲ.

ಇದನ್ನು ನನಗೆ ಹೇಳಿದವರು ಸಂತೋಷದಿಂದಲೇ ಹೇಳಿದರು. "ಏನ್ ಸಾರ್ ನಿಮ್ ಪೆನ್ನಿನ ಪವರ್ರು!" ಅಂದರು. ನಾನು ಅವರಿಗೆ ಕಾಫಿ ಕೊಡಿಸಿದೆ. ನಾಚಿಕೆಯಿಂದ ಹೇಳುತ್ತಿದ್ದೇನೆ, ಜೊತೆಗೆ ಒಂದೊಂದು ಮದ್ದೂರು ವಡೆಯನ್ನೂ ಕೊಡಿಸಿದೆ.

ಆಟಗಾರನಾದವನಿಗೆ ಟೀಕೆ ತಡೆದುಕೊಳ್ಳುವ ಶಕ್ತಿ ಇರಬೇಕು ಅಂತ ಸ್ಟಾಫ್ ರೂಮಿನಲ್ಲಿ ಒಂದು ಭಾಷಣವನ್ನೂ ಬಿಗಿದೆ. (ನನಗೆ ಆ ಶಕ್ತಿ ಎಷ್ಟಿದೆ? ಎರಡು ವರ್ಷದ ಹಿಂದೆ ಓದುಗರೊಬ್ಬರು ನನ್ನ ಬರಹ ಉಪ್ಪಿಲ್ಲದ ಸಾರು ಅಂತ ಪೋಸ್ಟ್‌ಕಾರ್ಡು ಬರೆದಿದ್ದರು. ಆ ಕಾರ್ಡು ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅವರ ವಿಳಾಸ ನನಗೆ ಬಾಯಿಪಾಠ.)

ಹೀಗಿರುವಾಗ ಒಂದು ಗುರುವಾರ ಸಂಜೆ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಕೈಯಲ್ಲಿ ಹಾಲಿನ ಕ್ಯಾನು.

"ಪೇಪರ್‌ಗೆ ಬರ್ಯೋ ಆಚಾರ್ರು ನೀವೇನಾ? ನಾನು ಬೋರನ ಅವ್ವ, ನಿಂಗಮ್ಮ."

ಬೈಗುಳಕ್ಕೆ ತಯಾರಾಗಿ ನಿಂತೆ. ಆಕೆ ಬೈಯಲಿಲ್ಲ, ಜಗಲಿ ಮೇಲೆ ಕೂತು ನೀರು ಕೇಳಿ ಕುಡಿದರು.

"ಡೈರಿಗೆ ಆಲು ಆಕಾಕೆ ಓದ್ರೆ ಸಾಲಲ್ಲಿ ನಿಂತೋರು ಅಂಬಾ ಅಂತಾರೆ. ನಂಗೇನ್ ಬುಡಿ, ದನ ಸಾಕ್ದೋಳು, ಅಂಬಾ ಕೇಳಿ ಅಭ್ಯಾಸ ಐತೆ. ನನ್ ಮಗ ಮಾತ್ರ ರಜಾ ಆಕಿ ಬಂದು ಒಳಗೆ ಕುಂತವ್ನೆ, ಆಚಿಗೆ ಕಾಲು ಮಡಗಾಕಿಲ್ಲ. ಭಾನ್ವಾರ ಪಾಂಡವಪುರದಲ್ಲಿ ಆಟ. ಬರ್ಲಿಲ್ಲ ಅಂದ್ರೆ ಟೀಮಿಂದ ತೆಗೆದ್ಬುಡ್ತೀವಿ ಅಂತ ಕೋಚು ಏಳ್ಕಳ್ಸವ್ರೆ."

"ನಾನು ತಮಾಷೆಗೆ ಬರೆದೆ ಕಣಮ್ಮ" ಅಂದೆ.

"ಅದ್ಕೇನಂತೆ. ನಾಳೆ ಬೆಳಿಗ್ಗೆ ನಮ್ಮ ರಾಣಿಗೆ ಸೂಜಿ ಆಕಾಕೆ ದನದ ಡಾಕ್ಟ್ರು ಬತ್ತಾರೆ. ನಮ್ಮೆಜಮಾನ್ರಿಗೆ ಸೊಂಟ ಇಡ್ಕಂಡದೆ. ಬೋರ ಈಚಿಗೇ ಬರಾಕಿಲ್ಲ. ಸೀಮೆಹಸ ಇಡಿಯೋದು ಸಲೀಸು ಅಂತ ನೀವೇ ಬರ್ದಿದ್ದೀರಲ್ಲ. ಒಂದ್ಗಳಿಗೆ ಬಂದು ಇಡ್ಕೊಟ್ಟೋಗಿ ಆಚಾರ್ರೇ."

ನಾಳೆ ಸ್ಕೂಲಿದೆಯಲ್ಲ ಅನ್ನುವಷ್ಟರಲ್ಲಿ ಒಳಗಿನಿಂದ ಹೆಂಡತಿ, "ಬರ್ತಾರೆ ಬಿಡಿ ನಿಂಗಮ್ಮನೋರೆ, ನಾಳೆ ಅವರಿಗೆ ಮೊದಲನೇ ಪೀರಿಯಡ್ಡು ಇಲ್ಲ" ಅಂದಳು. ನನ್ನ ಟೈಮ್‌ಟೇಬಲ್ಲು ಅವಳಿಗೆ ಅಷ್ಟು ಕರಾರುವಾಕ್ಕಾಗಿ ಗೊತ್ತಿದೆ ಅಂತ ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ ಅಂಗಳದ ತುಂಬ ಜನ. ನಿಂಗಮ್ಮ ಡೈರಿಯಲ್ಲಿ ಒಂದು ಮಾತು ಹೇಳಿದ್ದರಂತೆ, ಅಷ್ಟೇ. ರಾಣಿ ಅನ್ನುವ ಆ ಹಸು ನಮ್ಮ ಮನೆಯ ಬೀರುವಿನಷ್ಟು ಎತ್ತರವಿತ್ತು. ಕೊಟ್ಟಿಗೆ ಒಳಗೆ ಕತ್ತಲು, ಹೊರಗೆ ತನ್ನಿ ಅಂದರು ಡಾಕ್ಟರು. ನಿಂಗಮ್ಮ ಗೂಟದಿಂದ ಬಿಚ್ಚಿ ಹಗ್ಗವನ್ನು ನನ್ನ ಕೈಗೆ ಕೊಟ್ಟರು. ಭದ್ರವಾಗಿರಲಿ ಅಂತ ನಾನು ಅದನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡೆ.

ದನ ಸಾಕಿದವರು ಯಾರೂ ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದಿಲ್ಲವಂತೆ. ಇದನ್ನು ಮೊದಲೇ ಹೇಳಬಾರದೇ?

ಡಾಕ್ಟರು ಸೂಜಿ ಎತ್ತಿದ್ದು ಕಂಡಿತು. ಆಮೇಲೆ ಕಂಡದ್ದೆಲ್ಲ ನೆಲದ ಮಟ್ಟದಿಂದ. ಹಗ್ಗ ಬಿಡೋಣವೆಂದರೆ ಹಗ್ಗವೇ ನನ್ನನ್ನು ಬಿಡಲಿಲ್ಲ. ಕಿವಿ ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು.

"ಕಾಲು ಊರ್ಕಳಿ ಆಚಾರ್ರೇ!"

"ಎಡಕ್ಕೆ ಎಳೀರಿ! ಏ, ಬಲಕ್ಕೆ ಅಲ್ಲ, ಎಡಕ್ಕೆ!"

"ಸೈನ್ಸ್ ಮೇಷ್ಟ್ರಂತೆ ಕಣ್ಲಾ, ಬ್ಯಾಲೆನ್ಸೇ ಇಲ್ವಲ್ಲೋ!"

ಅಷ್ಟೂ ಜನಕ್ಕೆ ಹಸು ಹಿಡಿಯುವುದು ಹೇಗೆಂದು ಗೊತ್ತಿತ್ತು. ಒಬ್ಬನಾದರೂ ಬಂದು ಹಿಡಿದನೇ? ತಿಪ್ಪೆಯಲ್ಲಿ ಮುಖ ಎತ್ತುವಾಗ ಯಾರೋ ಬಹಳ ಪ್ರೀತಿಯಿಂದ "ಅಂಬಾ" ಅಂದರು. ನನಗೆ ಅಳು ಬಂತು. ನಲವತ್ತಾರು ವರ್ಷದ ಗಂಡಸಿಗೆ, ಹೆಸರಿನ ಮುಂದೆ ಬಿ.ಎಸ್ಸಿ., ಬಿ.ಎಡ್. ಇರುವವನಿಗೆ, ಒಂದೇ ಒಂದು ಅಂಬಾ ಕೇಳಿ ಅಳು.

ಆಗ ಮನೆಯೊಳಗಿಂದ ಬೋರೇಗೌಡ ಓಡಿಬಂದ. ಒಂದು ಕೈಯಲ್ಲಿ ಹಸುವಿನ ಕೊರಳು ಅಪ್ಪಿದ, ಇನ್ನೊಂದರಲ್ಲಿ ನನ್ನ ಕೈಯ ಹಗ್ಗ ಬಿಡಿಸಿದ. ಡಾಕ್ಟರು ಸೂಜಿ ಚುಚ್ಚಿ ಕೈತೊಳೆಯಲು ಹೋದರು. ಎಲ್ಲ ಸೇರಿ ಅರ್ಧ ನಿಮಿಷ.

ನಿಂಗಮ್ಮ ನನ್ನ ಅಂಗೈಗೆ ಅರಿಶಿನ ಎಣ್ಣೆ ಹಚ್ಚುತ್ತಿದ್ದರು. ಬೋರೇಗೌಡ ಎದುರಿಗೆ ಕೂತ.

"ಮೂರಲ್ಲ ಆಚಾರ್ರೇ. ನಾಕು."

"ಏನು ನಾಲ್ಕು?"

"ಕೆ.ಆರ್. ಪ್ಯಾಟೇಲಿ ನನ್ನ ನಾಕು ಸಲ ಇಡುದ್ರು. ನೀವು ಒಂದು ಕಮ್ಮಿ ಬರ್ದಿದ್ರಿ."

ಈಗ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಊರೂರಿನಿಂದ ಪೇಪರಿಗೆ ಬರೆಯುವ ನಮ್ಮಂಥವರು ಬರೆದದ್ದನ್ನು ಕವರಿಗೆ ಹಾಕಿ ಮೈಸೂರಿನ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತೇವೆ. ಭಾನುವಾರ ಸಂಜೆಯ ಬಸ್ಸು ತಪ್ಪಿದರೆ ಆ ವಾರದ ಅಂಕಣ ತಪ್ಪಿದಂತೆ. ಬಸ್ಸು ಕಬಡ್ಡಿಗೆ ಕಾಯುತ್ತದೆಯೇ? ಅವತ್ತು ನಾನು ಅರ್ಧ ಆಟಕ್ಕೇ ಎದ್ದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬರೆದು ಮುಗಿಸಿದ್ದೆ. ಸೋತರು ಅಂತಲೂ ಬರೆದುಬಿಟ್ಟಿದ್ದೆ. ಆಮೇಲೆ ನಿಜವಾಗಿ ಸೋತರು ಅಂತ ಗೊತ್ತಾದಾಗ, ದೇವರು ದೊಡ್ಡವನು ಅಂದುಕೊಂಡಿದ್ದೆ.

"ಇನ್ನರ್ಧ ಆಟದಲ್ಲಿ ಒಂಬತ್ತು ಪಾಯಿಂಟು ತಂದೆ" ಅಂದ ಬೋರೇಗೌಡ. "ಕಡೇ ರೈಡಲ್ಲಿ ಸಿಕ್ಕಾಕಂಡೆ. ಒಂದೇ ಪಾಯಿಂಟಲ್ಲಿ ಸೋತೊ. ಇಡುದ್ರು ಅಂತ ಬರುದ್ರಲ್ಲ, ಬರೀರಿ, ಬ್ಯಾಡ ಅನ್ನಕಿಲ್ಲ. ಆ ಒಂಬತ್ತೂ ಬರೀಬೇಕಿತ್ತು."

ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

"ತಪ್ಪಾಯಿತು ಅಂತ ಪೇಪರಿನಲ್ಲೇ ಬರೆಯುತ್ತೇನೆ. ಭಾನುವಾರ ಆಡು" ಅಂದೆ.

"ಬರ್ಯೋದು ಆಮೇಕೆ. ಮೊದ್ಲು ಬಂದು ನೋಡಿ. ಕಡೇಗಂಟ ಕುಂತ್ಕಳಿ."

"ನೀನು ಆಡುವುದಾದರೆ ಕೂರುತ್ತೇನೆ."

"ನೀವು ಕುಂತ್ರೆ ಆಡ್ತೀನಿ."

ಒಪ್ಪಂದವೇನೋ ಆಯಿತು. ಆದರೆ ಪಾಲಹಳ್ಳಿಯಿಂದ ಹಾಲಿನ ವ್ಯಾನಿನ ಜೊತೆಗೆ ಸುದ್ದಿಯೂ ಪಟ್ಟಣಕ್ಕೆ ಬಂದಿತ್ತು. ಶುಕ್ರವಾರ, ಶನಿವಾರ ಎರಡೂ ದಿನ ನಾನು ಸ್ಕೂಲಿಗೆ ರಜೆ ಹಾಕಿದೆ. ಪೇಟೆ ಬೀದಿಗೂ ಹೋಗಲಿಲ್ಲ. ಕೈಗೆ ಬ್ಯಾಂಡೇಜು ಯಾಕೆ ಅಂತ ಕೇಳಿದ ಪಕ್ಕದ ಮನೆಯವರಿಗೆ ಕುಕ್ಕರಿನ ಹಬೆ ತಗುಲಿತು ಅಂದೆ. ಹೆಂಡತಿ ಒಳಗೆ ನಕ್ಕದ್ದು ಅವರಿಗೂ ಕೇಳಿಸಿತು.

ಭಾನುವಾರ ಪಾಂಡವಪುರದಲ್ಲಿ ಕೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತೆ. ಬೋರೇಗೌಡ ಬಂದಿದ್ದ. ಮೊದಲ ರೈಡಿಗೆ ಗೆರೆ ದಾಟಿದ. ಅಂಬಾ ಶುರುವಾಯಿತು.

ಕಿವಿಯಾರೆ ಅದನ್ನು ಕೇಳಿದ್ದು ಅವತ್ತೇ ಮೊದಲು. ಐನೂರು ಜನ ಒಟ್ಟಿಗೆ ಅಂಬಾ ಅಂದರೆ ಹೇಗಿರುತ್ತದೆ ಗೊತ್ತೇ? ಅವನ ಕಬಡ್ಡಿ ಕಬಡ್ಡಿ ಅನ್ನುವ ದನಿ ಅದರಲ್ಲಿ ಮುಳುಗಿಹೋಯಿತು. ಉಸಿರು ತಪ್ಪಿತು. ಅಂಪೈರು ಕೈ ಎತ್ತಿದರು. ಬೋರೇಗೌಡ ತಲೆ ತಗ್ಗಿಸಿ ಹೊರಗೆ ಬಂದು ಕೂತ. ತಲೆ ಎತ್ತಿ ಜನರೊಳಗೆ ಯಾರನ್ನೋ ಹುಡುಕಿದ. ನನ್ನನ್ನೇ. ಎದ್ದು ಹೋದೆನೇನೋ ಅಂತ.

ಅಷ್ಟರಲ್ಲಿ ನನ್ನ ಹಿಂದಿನ ಸಾಲಿನಲ್ಲಿದ್ದ ಪಾಲಹಳ್ಳಿಯವನೊಬ್ಬ ನನ್ನನ್ನು ಗುರುತು ಹಿಡಿದ. "ಅಗೋ ನೋಡ್ರಪ್ಪೋ, ತಿಪ್ಪೆ ಆಚಾರ್ರು! ಹಗ್ಗ ತಂದಿದ್ದೀರಾ ಆಚಾರ್ರೇ?"

ಸುತ್ತ ಇದ್ದವರು ತಿರುಗಿದರು. ಓಡಿಹೋಗೋಣ ಅನ್ನಿಸಿತು. ಬಸ್ಸಿಗೂ ಹೊತ್ತಾಗಿತ್ತು, ಒಳ್ಳೆಯ ನೆಪ. ನಾನು ಎದ್ದು ನಿಂತೆ. ಬೋರೇಗೌಡ ನೋಡುತ್ತಲೇ ಇದ್ದ. ಜೇಬಿನಿಂದ ಕೈ ತೆಗೆದು, ಬ್ಯಾಂಡೇಜು ಬಿಚ್ಚಿ, ಹಗ್ಗ ತರಿದು ಕೆಂಪಾಗಿದ್ದ ಅಂಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ.

"ಸೀಮೆಹಸು ಸಲೀಸು ಅಂತ ಬರೆದವನು ನಾನೇ ಕಣ್ರಪ್ಪ! ನೋಡಿ, ಹೇಗೆ ಹಿಡಿದೆ!"

ಪಾಂಡವಪುರ ಬಿದ್ದೂ ಬಿದ್ದೂ ನಕ್ಕಿತು. ಅಂಬಾ ಈಗ ನನ್ನ ಕಡೆಗೆ ತಿರುಗಿತು. ನನಗಂತೂ ಉಸಿರು ಕಟ್ಟಿ ಆಡುವ ಆಟ ಯಾವುದೂ ಇರಲಿಲ್ಲ, ಅನ್ನಿಸಿಕೊಂಡು ನಿಂತೆ. ಆಚೆ ಬೋರೇಗೌಡ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನ ತಂಡದವರು ಒಂದು ಪಾಯಿಂಟು ತಂದರು, ಅವನು ಮತ್ತೆ ಒಳಗೆ ಬಂದ. ನಗುತ್ತಲೇ ಗೆರೆ ದಾಟಿದ. ಇಬ್ಬರನ್ನು ಮುಟ್ಟಿ ವಾಪಸ್ ಬಂದ.

ಬಸ್ಸು ಹೋಯಿತು. ಹೋದ ವಾರದ ಅಂಕಣ ನನ್ನ ಜೇಬಿನಲ್ಲೇ ಉಳಿಯಿತು. (ಅದು ಸೊಳ್ಳೆಗಳ ಬಗ್ಗೆ. ನಿಮಗೇನೂ ನಷ್ಟವಾಗಿಲ್ಲ.)

ಗೆದ್ದರು ಅಂತ ಬರೆಯುವ ಆಸೆ ನನಗೂ ಇದೆ. ಸೋತರು, ಎರಡು ಪಾಯಿಂಟಿನಲ್ಲಿ. ಬೋರೇಗೌಡ ಐದು ಸಲ ಸಿಕ್ಕಿಬಿದ್ದ, ಹದಿಮೂರು ಪಾಯಿಂಟು ತಂದ. ಕೊನೆಯವರೆಗೂ ಕೂತು ನಾನೇ ಎಣಿಸಿದ್ದು. ಅವನು ತಂಡದಲ್ಲಿ ಉಳಿದಿದ್ದಾನೆ ಅಂತ ಕೋಚು ಅಲ್ಲೇ ಹೇಳಿದರು. ಜನ ಮಾತ್ರ ಮನೆಗೆ ಹೋಗುತ್ತಾ, ಆ ಕಡೇ ರೈಡು ಹೇಗೆ ಮಾಡಬೇಕಿತ್ತು ಅಂತ ಅವನಿಗೆ ಕೇಳುವ ಹಾಗೇ ಪಾಠ ಹೇಳಿಕೊಂಡು ಹೋದರು.

"ನಿನಗೆ ಬೇಜಾರಾಗುವುದಿಲ್ಲವೇನೋ?" ಅಂತ ಕೇಳಿದೆ.

ಅವನು ಮೊಣಕಾಲಿನ ಮಣ್ಣು ಕೊಡವಿಕೊಂಡ. "ಆಯ್ತದೆ. ನೀವು ಒಂದು ಸಲ ಬಿದ್ದು ಎರಡು ದಿನ ಬೀದಿಗೆ ಬರ್ಲಿಲ್ವಂತೆ. ನಾನು ವಾರ ವಾರ ಬೀಳ್ತೀನಿ ಆಚಾರ್ರೇ. ಸೋಮವಾರ ಎದ್ದು ಡೂಟಿಗೆ ಓಗ್ಬೇಕು."

ಬರುವ ಭಾನುವಾರ ಅವನ ಆಟ ನಮ್ಮ ಶ್ರೀರಂಗಪಟ್ಟಣದಲ್ಲೇ ಇದೆ. ಅಂಬಾ ಅನ್ನಬೇಕೆಂದಿರುವವರು ಬೆಳಿಗ್ಗೆಯೇ ಪಾಲಹಳ್ಳಿಗೆ ಬನ್ನಿ, ರಾಣಿಗೆ ಇನ್ನೊಂದು ಸೂಜಿ ಬಾಕಿಯಿದೆ, ಹಗ್ಗ ನಾನೇ ಕೊಡುತ್ತೇನೆ.