ಅತ್ತೆಯ ಪಾದದಲ್ಲಿ ನಡೆಯುತ್ತಿದ್ದವರು

ಬೆಳಿಗ್ಗೆ ಅತ್ತೆಯ ರೇಷನ್ ಕಾರ್ಡು ಹುಡುಕುತ್ತಿದ್ದೆ. ಬೀರುವಿನ ಮೇಲಿನಿಂದ ಬ್ಯಾಂಡೇಜು ಬಟ್ಟೆಯ ಸುರುಳಿಯೊಂದು ಉರುಳಿ ಬಿತ್ತು. ಮೂಸಿದೆ. ಟಿಂಚರಿನ ವಾಸನೆ ಇನ್ನೂ ಹೋಗಿರಲಿಲ್ಲ. ಮಂಚದ ಮೇಲೆ ಕುಳಿತವಳು ಮೂರು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ನಿಮಗೂ ಹೀಗೇ ತಾನೇ? ಹುಡುಕುವುದು ಒಂದು, ಸಿಗುವುದು ಇನ್ನೊಂದು.

ಬರಗೂರಿನ ಹೊಲದಲ್ಲಿ ಅತ್ತೆಯ ಹೆಬ್ಬೆರಳಿಗೆ ಜಾಲಿಮುಳ್ಳು ಚುಚ್ಚಿತ್ತು. ಸಕ್ಕರೆ ಕಾಯಿಲೆ ಬೇರೆ. ಮುಳ್ಳು ಹೋಯಿತು, ಗಾಯ ಉಳಿಯಿತು. ಮಧುಗಿರಿಯ ನಮ್ಮ ಮನೆಗೆ ಕರೆತಂದೆವು. ಡಾಕ್ಟರು ನೋಡಿ, "ತಿಂಗಳೊಳಗೆ ಮಾಯದಿದ್ರೆ ಬೆರಳು ತೆಗೀಬೇಕಾಗುತ್ತೆ" ಎಂದರು. ಬುಕ್ಕಾಪಟ್ಟಣದ ಕುರುಚಲು ಕಾಡನ್ನೆಲ್ಲ ಬರಿಗಾಲಲ್ಲಿ ಸುತ್ತಿದ ಹೆಂಗಸು ಅತ್ತೆ. ಅವತ್ತು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು. ಜೀವಕೋಶವನ್ನು ಬೋರ್ಡಿನ ಮೇಲೆ ದೋಸೆಯ ಹಾಗೆ ದುಂಡಗೆ ಬರೆದು ಒರೆಸುತ್ತಲೇ ಇಪ್ಪತ್ತು ವರ್ಷ ಕಳೆದಿದ್ದೆ. ಅದು ನಡೆಯುತ್ತದೆ ಎಂದು ಪಾಠ ಮಾಡುತ್ತಿದ್ದೆ, ನಿಜ. ಆದರೆ ನಂಬಿದ್ದು ಅತ್ತೆಯ ಪಾದದ ಮುಂದೆ ಕುಳಿತಾಗಲೇ.

ಮಧ್ಯಾಹ್ನ ಬೆಟ್ಟ ಕಾದು ಊರೆಲ್ಲ ತೂಕಡಿಸುವಾಗ, ಕಣ್ಣು ಮುಚ್ಚಿದರೆ ಅವು ಕಾಣುತ್ತಿದ್ದವು. ಗಾಯದ ಅಂಚಿನ ಕೋಶ ಮುಂದಕ್ಕೊಂದು ತೆಳ್ಳನೆಯ ಪಾದ ಚಾಚುತ್ತದೆ. ಒಳಗೆ ಆಕ್ಟಿನ್ ಎಂಬ ಪ್ರೋಟೀನಿನ ಮಣಿಗಳು ಒಂದಕ್ಕೊಂದು ಸೇರಿ, ಎಳೆಯಾಗಿ ಬೆಳೆದು, ಪೊರೆಯನ್ನು ಮುಂದೆ ನೂಕುತ್ತವೆ. ಎಳೆಯ ಹಿಂದಿನ ತುದಿ ಬಿಚ್ಚಿಕೊಳ್ಳುತ್ತದೆ, ಬಿಡಿಯಾದ ಮಣಿಗಳು ಮತ್ತೆ ಮುಂದಕ್ಕೆ ಹೋಗುತ್ತವೆ. ಚಾಚಿದ ಪಾದ ನೆಲ ಕಚ್ಚುತ್ತದೆ. ಆಗ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಎಳೆಗಳನ್ನು ಜಗ್ಗುತ್ತದೆ, ಹಿಂದಿನ ಹಿಡಿತ ಸಡಿಲಿ ಮೈ ಮುಂದಕ್ಕೆ ಜರುಗುತ್ತದೆ. ನಮ್ಮ ಬೋಳು ಬೆಟ್ಟ ಹತ್ತುವವರು ಕೈ ಊರಿ ಮೈ ಎಳೆದುಕೊಳ್ಳುವುದಿಲ್ಲವೇ, ಹಾಗೆ. ಪಕ್ಕದ ಕೋಶಗಳ ಕೈ ಬಿಡದೆ ಹಿಂದಿನವೂ ಬರುತ್ತವೆ. ಗಾಯದ ಎದುರು ದಡದಿಂದ ಹೊರಟವು ತಾಗಿದ ಕೂಡಲೇ ಎಲ್ಲವೂ ನಿಲ್ಲುತ್ತವೆ.

ಇಷ್ಟೆಲ್ಲ ತಿಳಿದವಳು ಮಾಡಿದ್ದೇನು ಗೊತ್ತೇ? ಎಷ್ಟು ದೂರ ನಡೆದವು ಎಂದು ನೋಡುವ ಆಸೆಗೆ ದಿನಾ ಬೆಳಿಗ್ಗೆ ಕಟ್ಟು ಬಿಚ್ಚುತ್ತಿದ್ದೆ. ಒಣಗಿದರೇ ಗಾಯ ಮಾಯುವುದೆಂದು ನಮ್ಮ ಕಡೆಯ ನಂಬಿಕೆ. ಅರಿಶಿನ ಉದುರಿಸಿ ಒಣಬಟ್ಟೆ ಸುತ್ತುತ್ತಿದ್ದೆ. ಮರುದಿನ ಅಂಟಿಕೊಂಡಿರುತ್ತಿತ್ತು, ಕೀಳುತ್ತಿದ್ದೆ. ಅತ್ತೆ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದು, ತಾವು ಮದುವೆಯಾಗಿ ಬಂದ ಹೊಸದರ ಕಥೆ ಹೇಳುತ್ತಿದ್ದರು. ನಾನು ಅರ್ಧ ಕೇಳುತ್ತಿದ್ದೆ.

ಮೂರನೇ ವಾರ ಆಸ್ಪತ್ರೆಯಲ್ಲಿ ಸಿರಾ ಕಡೆಯ ನರ್ಸಮ್ಮ ಪಾದ ನೋಡಿ ನನ್ನನ್ನು ನೋಡಿದರು.

"ಅರೆ ಮೇಡಂ, ದಿನಾ ಬಿಚ್ತೀರಾ? ಹೊಸ ಚರ್ಮ ಬಟ್ಟೆ ಜೊತೆ ಕಿತ್ಕೊಂಡ್ ಬರ್ತಾ ಐತೆ. ಒಣಗಿಸ್ಬುಟ್ರೆ ಅದು ಹೆಂಗೆ ಮುಂದಕ್ ಬರ್ಬೇಕು?"

ನನ್ನ ಎಂ.ಎಸ್ಸಿ. ಅಲ್ಲೇ ಮಣ್ಣುಪಾಲಾಯಿತು. ಅವರು ಮುಲಾಮಿನ ಬಟ್ಟೆ ಹಾಕಿ, ಮೂರು ದಿನ ಮುಟ್ಟಕೂಡದು ಎಂದರು. ಡಾಕ್ಟರು ಇನ್ನೆರಡು ವಾರ ಕಾಯಲು ಒಪ್ಪಿದರು. ಗಾಯ ಕೂಡಿಕೊಂಡಿತು, ಬೆರಳು ಉಳಿಯಿತು.

ಕೊನೆಯ ಕಟ್ಟು ಬಿಚ್ಚಿದ ದಿನ ಅತ್ತೆಯ ಮುಂದೆ ಕುಳಿತು ಅತ್ತುಬಿಟ್ಟೆ. "ನಾನೇ ದಿನಾ ಕೀಳ್ತಿದ್ದೆ ಅತ್ತೆ. ನೋವಾಗುತ್ತೆ ಅಂತ ಹೇಳಬಾರದಿತ್ತಾ?"

"ನೋಯ್ತಿತ್ತು ಕಣವ್ವ. ಆದ್ರೆ ಮದ್ವೆಯಾಗಿ ಬಂದಾಗಿಂದ ನೀನು ನನ್ ತಾವ ಹತ್ತು ನಿಮಿಷ ಕುಂತೋಳಲ್ಲ. ಗಾಯ ನೋಡಾಕಾದ್ರೂ ಕುಂತ್ಕಂತಿದ್ದೆ. ಬ್ಯಾಡ ಅಂದಿದ್ರೆ ಎದ್ದು ಹೋಗ್ಬುಡ್ತಿದ್ದೆಯಲ್ಲ."

ದಿನಾ ಬಂದು ಕೂರುತ್ತೇನೆ ಎಂದು ಮಾತು ಕೊಟ್ಟೆ. ಒಂದು ತಿಂಗಳು ಕೂತೆ. ಆಮೇಲೆ ಪರೀಕ್ಷೆ, ಮೌಲ್ಯಮಾಪನ, ಅದು ಇದು. ಗಾಯ ಮಾಯಿತಲ್ಲ, ಇನ್ನೇನು ನೆಪ?

ಇವತ್ತು ಕಾಲೇಜಿಗೆ ಹೊತ್ತಾಗಿತ್ತು. ಆದರೂ ಅಂಗಳಕ್ಕೆ ಹೋಗಿ, ಹುರುಳಿ ಆರಿಸುತ್ತಿದ್ದ ಅತ್ತೆಯ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡೆ.

"ಏನೂ ಆಗಿಲ್ಲ ಬುಡವ್ವ," ಎಂದರು.

"ಗೊತ್ತು ಅತ್ತೆ. ಮದುವೆಯಾದ ಹೊಸದರಲ್ಲಿ ಏನಾಯ್ತು, ಹೇಳಿ," ಎಂದೆ.