ಸಯನ್‌ನ ಓಲೆಬೆಲ್ಲ

ಮುಂಬೈಯ ಸಯನ್‌ನಲ್ಲಿ ಊರಿನ ಸಾಮಾನುಗಳ ಅಂಗಡಿ ಇಟ್ಟಿದ್ದ ಚೆನ್ನಯ ಗಿರಾಕಿಗಳಿಗೆ ಹೆದರಿದವನಲ್ಲ. ಕುಚ್ಚಲಕ್ಕಿಯಲ್ಲಿ ಕಲ್ಲು ಸಿಕ್ಕಿತೆಂದು ಜಗಳಕ್ಕೆ ಬಂದವನಿಗೂ, "ಊರಿನ ಕಲ್ಲು ಮಾರಾಯ್ರೇ, ಮುಂಬೈಯಲ್ಲಿ ಎಲ್ಲಿ ಸಿಗ್ತದೆ?" ಎಂದು ಹೇಳಿ ಇನ್ನೊಂದು ಚೀಲ ಹೊರಿಸಿ ಕಳಿಸಿದ್ದ. ಅವನಿಗೆ ಭಯವಿದ್ದದ್ದು ಜೋಗೇಶ್ವರಿಯಲ್ಲಿದ್ದ ಅಕ್ಕ ರಾಜೀವಿಯ ನಾಲಿಗೆಯದ್ದು. ಆ ನಾಲಿಗೆಯ ಮಾತಿಗಿಂತ ರುಚಿಯದ್ದು.

ಅವರ ಅಪ್ಪ ತಾಳೆಮರ ಹತ್ತಿ ರಸ ಇಳಿಸುತ್ತಿದ್ದವರು. ಅಮ್ಮ ಅದನ್ನು ಅಂಗಳದಲ್ಲಿ ಕಾಯಿಸಿ, ತಾಳೆಯೋಲೆಯ ಬಳೆಗಳಲ್ಲಿ ಎರೆದು, ಕಪ್ಪನೆಯ ಓಲೆಬೆಲ್ಲ ಮಾಡುತ್ತಿದ್ದರು. ಚೆನ್ನಯ ಅಂಗಡಿಗೆ ತರಿಸಿದ ಪ್ರತಿಯೊಂದು ಓಲೆಬೆಲ್ಲದ ಮೂಲೆಯನ್ನು ರಾಜೀವಿ ಮುರಿದು ಬಾಯಿಗೆ ಹಾಕಿಕೊಳ್ಳುವಳು, ಕಣ್ಣು ಮುಚ್ಚುವಳು, ತೀರ್ಪು ಕೊಡುವಳು.

"ಸಕ್ಕರೆಗೆ ಬಣ್ಣ ಬಳಿದಿದ್ದಾರೆ. ನಿನಗೆ ಗೊತ್ತಾಗ್ಲಿಲ್ವಾ, ಅಲ್ಲ ಗೊತ್ತಿದ್ದೇ ಮಾರ್ತೀಯಾ?"

ಯಾವುದಕ್ಕೆ ಹೌದೆಂದರೂ ಮರ್ಯಾದೆ ಹೋಗುವಂಥ ಪ್ರಶ್ನೆ. ಹಾಗಾಗಿ ಚೆನ್ನಯ, ಇನ್ನು ತಾನೇ ಮಾಡುವುದೆಂದು ತೀರ್ಮಾನಿಸಿದ.

ಸ್ಟೇಶನ್ ಹತ್ತಿರದ ಸ್ಟಾಲಿನಿಂದ ಒಂದು ಕ್ಯಾನು ನೀರಾ, ಅದೇ ತಾಳೆಯ ಸಿಹಿ ರಸ, ತಂದು ಅಡುಗೆಮನೆಯಲ್ಲಿ ಕಾಯಿಸಿದ. ಹುಳಿಯಾಗದಿರಲೆಂದು ಸ್ಟಾಲಿನವನು ಮಂಜುಗಡ್ಡೆ ಹಾಕಿದ್ದ. ಅದು ಕರಗಿ ಕ್ಯಾನಿನಲ್ಲಿ ಅರ್ಧ ನೀರೇ ಇತ್ತು. ಕುದಿದದ್ದೇ ಬಂತು. ಹಬೆಗೆ ಗೋಡೆಯ ಕ್ಯಾಲೆಂಡರ್ ಸುರುಟಿಕೊಂಡಿತು, ಬೆಲ್ಲವಾಗುವ ಮೊದಲೇ ಸಿಲಿಂಡರ್ ಮುಗಿಯಿತು.

ಹೆಂಡತಿ ನೀಲಾವತಿ ಮಾತು ಎಳೆಯುವವಳಲ್ಲ. "ಇನ್ನು ಒಂದೇ ಸಲ. ಅಕ್ಕ ಭಾನುವಾರ ಬರ್ತಾರಲ್ಲ, ಅವರ ಬಾಯಲ್ಲಿ ಪಾಸಾದ್ರೆ ಸರಿ. ಇಲ್ಲದಿದ್ರೆ ನಿಮ್ಮ ಪಾತ್ರೆ ಪಡಗ ಎಲ್ಲ ಗುಜರಿಗೆ, ಭಂಗಾರ್‌ವಾಲಾನಿಗೆ. ಅವತ್ತೇ ಸಂಜೆ ಬಾ ಅಂತ ಅವನಿಗೆ ಹೇಳಿಯಾಗಿದೆ."

ಆ ರಾತ್ರಿ ನೀರು ಕುಡಿಯಲು ಎದ್ದ ಚೆನ್ನಯನ ಕಣ್ಣು ಗೋಡೆಯ ನೀರಿನ ಫಿಲ್ಟರ್ ಮೇಲೆ ಬಿತ್ತು. ಕೊಳೆಯಿಂದ ನೀರನ್ನು ಬೇರೆ ಮಾಡುವ ಯಂತ್ರ ಸಿಹಿಯಿಂದ ನೀರನ್ನು ಬೇರೆ ಮಾಡಲಾರದೇ? ಸ್ಟಾಲಿನವನ ಮಂಜುಗಡ್ಡೆಯ ನೀರನ್ನು ಅದು ಹಿಂಡಿ ತೆಗೆದರೆ, ಗ್ಯಾಸಿಗೆ ಉಳಿಯುವುದು ಅರ್ಧ ಕೆಲಸ.

ಫಿಲ್ಟರ್ ರಿಪೇರಿಯ ಬಸು ಧಾರಾವಿಯಲ್ಲಿರುವ ಯಾದಗಿರಿ ಕಡೆಯವನು. ಚೆನ್ನಯ ಹೇಳಿದ್ದನ್ನು ಕೇಳಿ ತಲೆ ಕೆರೆದುಕೊಂಡ.

"ಸೇಟ್, ಎಲ್ಲಾರೂ ನನ್ನ ಕರಿಯೋದು ನೀರ ಬೇಕಂತ. ನೀವು ನೀರ ಬ್ಯಾಡಂತೀರಿ. ಆರಾಮ ಅದೀರಿಲ್ರೀ?"

"ಆರಾಮ ಇದ್ದೇನೆ. ಬೆಲ್ಲ ಆದ್ರೆ ನಿನಗೂ ಒಂದು ತುಂಡು."

ಭಾನುವಾರ ಬೆಳಿಗ್ಗೆ ಬಸು ಹಳೆಯ ಪಂಪು ಎರಡು, ನೀರು ಸೋಸುವ ಹೊಸ ಮೆಂಬ್ರೇನ್ ಎರಡು ಜೋಡಿಸಿ ಕಿಟಕಿಯ ಗ್ರಿಲ್ಲಿಗೆ ಕಟ್ಟಿದ. ಬಟ್ಟೆಯಲ್ಲಿ ಸೋಸಿದ ನೀರಾ ಒಳಗೆ ಹೋಗಿ ಎರಡು ಪೈಪುಗಳಲ್ಲಿ ಹೊರಬರಬೇಕು. ಬಸು ಕೈ ರೂಢಿಯಂತೆ ಬಿಳಿ ಪೈಪನ್ನು ಸ್ಟೀಲ್ ಪಾತ್ರೆಗೆ ಬಿಟ್ಟ, ಕೊಳೆನೀರು ಹೋಗುವ ಕಚರಾ ಪೈಪನ್ನು ನೀಲಿ ಬಕೆಟ್ಟಿಗೆ. ಚೆನ್ನಯ ಬಗ್ಗಿ ನೋಡಿ, "ಒಳ್ಳೆಯದು ಪಾತ್ರೆಗೆ, ಕಚರಾ ಬಕೆಟ್ಟಿಗೆ. ಸರಿಯಾಗಿದೆ," ಎಂದು ಮೊಹರು ಒತ್ತಿ ಅಂಗಡಿಗೆ ನಡೆದ.

ಮಧ್ಯಾಹ್ನ ಬಂದಾಗ ಪಾತ್ರೆ ತುಂಬಿತ್ತು. ನೆಲ ಕಾಲಿಗೆ ಸ್ವಲ್ಪ ಅಂಟಿತು. ಹೆಂಡತಿ ಯಾವುದೋ ಹೊಸ ಫಿನೈಲ್ ತಂದಿರಬೇಕೆಂದುಕೊಂಡು ಗ್ಯಾಸ್ ಹಚ್ಚಿದ.

"ನೋಡು ಮಾರಾಯ್ತಿ, ಎಷ್ಟು ತಿಳಿ! ಗಂಗೆ ಇದ್ದ ಹಾಗೆ ಉಂಟು."

"ಗಂಗೆಯೇ ಇರ್ಬೇಕು," ಎಂದಳು ನೀಲಾವತಿ.

ಗಂಗೆ ಕುದಿಯಿತು. ಇಳಿಯಿತು. ಮತ್ತೆ ಕುದಿಯಿತು. ಬಣ್ಣ ಬರಲಿಲ್ಲ, ಪಾಕ ಬರಲಿಲ್ಲ. ಬಂದದ್ದು ರಾಜೀವಿ.

ಚಪ್ಪಲಿ ಬಿಟ್ಟು ಒಳಗೆ ಎರಡು ಹೆಜ್ಜೆ ಇಟ್ಟವಳು ನಿಂತಲ್ಲೇ ನಿಂತಳು. ಕಾಲೆತ್ತಿದಾಗ ಚಟ್ ಎಂದಿತು.

"ಎಂತ ನೀಲಾವತಿ, ನೆಲಕ್ಕೆ ಗೋಂದು ಹಚ್ಚಿದ್ದೀಯಾ?"

"ನೀವು ಬರ್ತೀರಂತ ಎರಡು ಸಲ ಒರೆಸಿದೆ ಅಕ್ಕ. ಒರೆಸಿದಷ್ಟೂ ಅಂಟ್ತದೆ." ನೀಲಾವತಿಗೆ ಅಳು ಬರುವುದೊಂದು ಬಾಕಿ. "ದಿನಾ ಫಿಲ್ಟರಿನ ಕಚರಾ ನೀರಲ್ಲೇ ಅಲ್ವಾ ಒರೆಸೋದು, ಇವತ್ತೂ ಅದೇ ಬಕೆಟು."

ಚೆನ್ನಯ ನೆಲ ನೋಡಿದ. ಪಕ್ಕದ ಮನೆಯ ಬಾಗಿಲಿನಿಂದ ಹೊರಟ ಇರುವೆಗಳ ಮೆರವಣಿಗೆ ಅವನ ಕುದಿಯುವ ಪಾತ್ರೆಯನ್ನು ಕಣ್ಣೆತ್ತಿಯೂ ನೋಡದೆ ಸೀದಾ ಹಾಲ್‌ನ ನೆಲದ ನಡುವೆ ಸೇರುತ್ತಿತ್ತು. ಅಷ್ಟು ವರ್ಷ ಅಂಗಡಿಯ ಗಲ್ಲಾದ ಮೇಲೆ ಕೂತವನಿಗೆ, ಗಿರಾಕಿಗಳು ಎತ್ತ ಹೋಗುತ್ತಿದ್ದಾರೆಂದು ನೋಡಿದ ಮೇಲೆ ಮಾಲು ಎಲ್ಲಿದೆಯೆಂದು ಬೇರೆಯವರು ಹೇಳಬೇಕಾಗಲಿಲ್ಲ. ಒಳ್ಳೆಯ ಪೈಪಿನ ಬರೀ ನೀರನ್ನು ಕುದಿಸಿ, ಕಚರಾ ಪೈಪಿನ ನೀರಾದಿಂದ ಮನೆ ಒರೆಸಿಯಾಗಿತ್ತು.

ಅವನು ಕಿಟಕಿಗೆ ಓಡಿದ. ಪಂಪು ಇನ್ನೂ ಗುಂಯ್ಗುಡುತ್ತಿತ್ತು. ಕಚರಾ ಪೈಪಿನ ತುದಿಯಲ್ಲಿ ದಪ್ಪ ಹನಿಗಳು. ಲೋಟ ಹಿಡಿದು ಕಾದ. ಸಿಕ್ಕಿದಷ್ಟನ್ನು ಚಹಾದ ಪಾತ್ರೆಯಲ್ಲಿ ಕಾಯಿಸಿದ. ಬೇಗನೆ ಕೆಂಪಾಯಿತು, ಆಮೇಲೆ ಕಪ್ಪಾಯಿತು. ಚಮಚದಲ್ಲಿ ತೆಗೆದು, ಊದಿ, ಅಕ್ಕನ ಮುಂದೆ ಹಿಡಿದ.

ರಾಜೀವಿ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಬಾಗಿಲಲ್ಲಿ "ಭಂಗಾರ್!" ಎಂಬ ಕೂಗು.

"ನಿಲ್ಲಲಿಕ್ಕೆ ಹೇಳು ಅವನಿಗೆ," ಎಂದಳು ರಾಜೀವಿ, ಕಣ್ಣು ತೆರೆಯದೆ.

"ಸಕ್ಕರೆ ಇಲ್ಲ," ಎಂದಳು ಕೊನೆಗೆ. "ಸ್ವಲ್ಪ ಸೀದಿದೆ." ಚಮಚವನ್ನು ಇನ್ನೊಮ್ಮೆ ನೆಕ್ಕಿದಳು. "ಅಮ್ಮನದ್ದೂ ಸೀಯ್ತಿತ್ತು."

ನೀಲಾವತಿ ಯಂತ್ರವನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. ಬಾಗಿಲಿಗೆ ಹೋಗಿ, "ಆಜ್ ನಹೀ ಭಯ್ಯಾ," ಎಂದು ಹಳೆಯ ಪೇಪರಿನ ಕಟ್ಟನ್ನಷ್ಟೇ ಕೊಟ್ಟು ಕಳಿಸಿದಳು. ಅವನ ಚಪ್ಪಲಿಯೂ ಹೊಸ್ತಿಲಲ್ಲಿ ಚಟ್ ಎಂದಿತು.

"ಯಂತ್ರ ಇರ್ಲಿ," ಎಂದಳು ಗಂಡನಿಗೆ. "ಆದ್ರೆ ನೆಲ ನೀವು ಒರೆಸ್ಬೇಕು. ಈಗಲೇ."

"ಗಂಗೆ ಇನ್ನೂ ಬಿಸಿ ಉಂಟು," ಎಂದಳು ರಾಜೀವಿ, ಒಲೆಯ ಕಡೆ ಗದ್ದ ತೋರಿಸಿ. "ಬಿಸಿ ಇರುವಾಗಲೇ ಒರೆಸು, ಬೇಗ ಬಿಡ್ತದೆ."

ಚೆನ್ನಯ ಪಂಚೆ ಎತ್ತಿ ಕಟ್ಟಿದ.