ಮ್ಯಾನೇಜರ್ ಕ್ಯಾಬಿನ್ನಿನಲ್ಲಿ ಸಂಸಾರ

ರಾಜಾಜಿನಗರದ ಬೋಲ್ಟು ಕಾರ್ಖಾನೆಯ ಟೈಂ ಆಫೀಸಿನಲ್ಲಿ ಶಿವಬಸಪ್ಪನವರು ಆಯುಷ್ಯವೆಲ್ಲ ಮಾಡಿದ ಕೆಲಸ ಒಂದೇ: ಯಾರು ತಡವಾಗಿ ಬಂದರು, ಯಾರು ಟೀ ನೆಪದಲ್ಲಿ ಗೇಟಿನಾಚೆ ಮೈಮರೆತರು ಎಂದು ನೋಡಿ ಮ್ಯಾನೇಜರ ಕಿವಿಗೆ ಮುಟ್ಟಿಸುವುದು. ಅದಕ್ಕೆಂದು ಮಹಡಿ ಹತ್ತುತ್ತಿದ್ದರೇ ಹೊರತು ಆ ಕ್ಯಾಬಿನ್ನಿನೊಳಗೆ ಒಮ್ಮೆಯೂ ಕುರ್ಚಿ ಸಿಕ್ಕಿದ್ದಿಲ್ಲ. ಬಾಗಿಲಲ್ಲೇ ನಿಂತು ಹೇಳಿ, ಬಾಗಿಲಲ್ಲೇ ಬೆನ್ನು ಬಗ್ಗಿಸಿ ಇಳಿದು ಬರುವುದು. ಕೆಳಗೆ ಬಂದ ಮೇಲೆ ಮಾತ್ರ ಎದೆ ಮುಂದೆ.

ಎರಡು ಸಾವಿರದ ಆರರ ಹೊತ್ತಿಗೆ ಕಾರ್ಖಾನೆ ಮುಚ್ಚಿ, ಬಾವಲಿಗಳು ಸೇರಿದ್ದವು. ಮಾಲೀಕರ ಮಗ ಅದನ್ನು ಕೆಡವಲಿಲ್ಲ. "ಇಂಥ ಗೋಡೆ ಈಗ ಯಾರು ಕಟ್ತಾರೆ? ಉಳಿಸ್ಕೊಂಡೇ ಮನೆ ಮಾಡೋಣ" ಎಂದ. ಕಬ್ಬಿಣದ ತೊಲೆಗಳಿಗೆ ಬಣ್ಣ ಬಳಿದು, ಲೇತು ಯಂತ್ರಗಳಿದ್ದ ಕಡೆ ಅಡ್ಡಗೋಡೆ ಎಬ್ಬಿಸಿ, ನಡುವೆ ಅಂಗಳ ಬಿಟ್ಟು ಚೆಂದದ ಮನೆಗಳನ್ನೇ ಮಾಡಿದ. ಹಳೆ ಕೆಲಸಗಾರರಿಗೆ ಮೊದಲ ಆಯ್ಕೆ. ಟರ್ನರ್ ಬೈರಯ್ಯ ತನ್ನ ಲೇತು ನಿಂತಿದ್ದ ಮೂಲೆಯಲ್ಲೇ ಮನೆ ಹಿಡಿದ.

ಶಿವಬಸಪ್ಪನವರಿಗೆ ಬೇಕಾದದ್ದು ಮ್ಯಾನೇಜರ್ ಕ್ಯಾಬಿನ್ನು.

"ಅದು ಮೂರು ಕಡೆ ಗಾಜು ಸಾರ್, ಕೆಳಗಿನ ಕೆಲಸ ಕಾಣ್ಲಿ ಅಂತ ಹಾಕ್ಸಿದ್ದು. ಗೋಡೆ ಕಟ್ಟಿಸ್ಲಾ?" ಎಂದು ಮಾಲೀಕರ ಮಗ ಕೇಳಿದ.

"ಗೋಡೆ ಗೀಡೆ ಏನೂ ಬೇಡಪ್ಪ. ಹಿಂಗೇ ಇರ್ಲಿ."

ಹೆಂಡತಿ ಬಸವರಾಜೇಶ್ವರಿ ಒಂದು ಸುತ್ತು ನೋಡಿ, "ಏನ್ರೀ, ಇದು ಮನೆಯೋ, ಬೇಕರಿ ಶೋಕೇಸೋ?" ಎಂದರು.

"ಸುಮ್ನಿರೇ, ನಿಂಗೇನು ಗೊತ್ತು. ಇಲ್ಲಿ ಕೂತ್ರೆ ಇಡೀ ಕಾರ್ಖಾನೆ ಕಾಣುತ್ತೆ."

ಕಾಣುತ್ತದೆ, ನಿಜ. ಆ ಕಡೆಯಿಂದಲೂ ಕಾಣುತ್ತದೆ ಎಂಬುದು ಮಾತ್ರ ಊರವರ ಮೇಲೆಲ್ಲ ಕಣ್ಣಿಟ್ಟವರಿಗೆ ಹೊಳೆಯಲಿಲ್ಲ.

ಮೊದಲ ಬೆಳಗ್ಗೆ ಹೆಂಡತಿ "ಹಾಲು ನೋಡ್ಕೊಳ್ಳಿ" ಎಂದು ಸ್ನಾನಕ್ಕೆ ಹೋದರು. ಆ ಮನೆಯಲ್ಲಿ ನೆಟ್ಟಗೆ ಗೋಡೆ ಇದ್ದದ್ದು ಬಚ್ಚಲಿಗೆ ಮಾತ್ರ. ಇವರು ಇಸ್ತ್ರಿ ಶರ್ಟು ತೊಟ್ಟು, ಕೈ ಹಿಂದೆ ಕಟ್ಟಿ, ಗಾಜಿನ ಮುಂದೆ ನಿಂತರು. ಕೆಳಗಿನವರು ತಲೆ ಎತ್ತಿ ನಮಸ್ಕಾರ ಮಾಡಬೇಕೆಂಬುದು ಆಸೆ. ಬೈರಯ್ಯ ತಲೆಯನ್ನೇನೋ ಎತ್ತಿದ.

"ಸಾರ್, ಗೃಹಪ್ರವೇಶ ನಿನ್ನೇನೇ ಮುಗೀತಲ್ಲ! ಇನ್ನೂ ಹಾಲು ಉಕ್ಕಿಸ್ತಾ ಇದೀರಾ? ಹಿಂದೆ ನೋಡಿ!"

ಅಂದಿನಿಂದ ಅಂಗಳಕ್ಕೆ ಪುಕ್ಕಟೆ ಸಿನಿಮಾ. ಲಿಂಗಪೂಜೆಗೆ ಕೂತು ತೂಕಡಿಸಿದ್ದು, ಹೆಂಡತಿಯ ಕೈಲಿ ಬೈಸಿಕೊಂಡದ್ದು, ತಲೆಗೆ ಡೈ ಬಳಿದುಕೊಂಡು ಒಣಗಲು ಕಾದದ್ದು. "ಸಾರ್ ಇವತ್ತು ಎದ್ದಿದ್ದು ಲೇಟು ಕಣ್ರೋ" ಎಂದು ಬೈರಯ್ಯ ನಲ್ಲಿ ಬಳಿ ವರದಿ ಒಪ್ಪಿಸುತ್ತಿದ್ದ. ಆ ವಿದ್ಯೆ ಕಲಿಸಿದವರು ಇವರೇ.

ಬಸವರಾಜೇಶ್ವರಿ ಸಹಿಸುವಷ್ಟು ಸಹಿಸಿದರು. "ಪರದೆ ಹಾಕಿಸ್ತೀರೋ, ಇಲ್ಲಾ ನಾನು ಆರ್‌ಪಿಸಿ ಲೇಔಟಿಗೆ ತಂಗಿ ಮನೆಗೆ ಹೋಗ್ಲೋ?"

"ಪರದೆ ಹಾಕಿದ್ರೆ ನಾನಿಲ್ಲಿ ಇರೋದು ಯಾರಿಗೆ ಗೊತ್ತಾಗುತ್ತೆ?"

"ನಿಮಗೆ ಗೊತ್ತಿದ್ರೆ ಸಾಲದಾ?"

ಸಾಲದು. ಆದರೆ ಅವರಿಗೆ ಅನ್ನ ಮಾಡಲೂ ಬರುತ್ತಿರಲಿಲ್ಲ. ದಪ್ಪನೆಯ ಪರದೆ ಬಂತು, ಮೂರು ಕಡೆಗೂ. ಬಸವರಾಜೇಶ್ವರಿ ಆ ಮನೆಯಲ್ಲಿ ಮೊದಲ ಬಾರಿಗೆ ಕಾಲು ಚಾಚಿ ಕೂತರು. ಶಿವಬಸಪ್ಪನವರು ತುಸು ಹೊತ್ತು ಚಡಪಡಿಸಿ, ಎದ್ದು ಹೋಗಿ, ಪರದೆಯನ್ನು ಎರಡು ಬೆರಳಿನಷ್ಟು ಸರಿಸಿದರು.

ಕೆಳಗಿನಿಂದ ಬೈರಯ್ಯನ ದನಿ ಬಂತು: "ಸಾರ್, ನಿಮ್ಮ ಒಂದು ಕಣ್ಣು ಕಾಣ್ತಾ ಇದೆ!"